ಓದುಗರ ಪ್ರಶ್ನೆ: ನಡುರಾತ್ರಿಯ ಬಣ್ಣದ ವೇಷ

ಪ್ರಶ್ನೆ: ನನಗೀಗ 61. ಬ್ಯಾಂಕಿನಿಂದ ನಿವೃತ್ತನಾಗಿ ವರ್ಷವಾಯಿತು. ನಮ್ಮ ಸಂಘದ ಕನ್ನಡ ನಾಟಕಗಳಲ್ಲಿ 30 ವರ್ಷ ಸಣ್ಣಪುಟ್ಟ ಪಾತ್ರ ಮಾಡಿದ್ದೇನೆ. ಮೊನ್ನೆ ಒಂದು ಮರಾಠಿ ಸೀರಿಯಲ್‌ನವರು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ‘ಅಣ್ಣ’ನ ಪಾತ್ರಕ್ಕೆ ಕರೆದರು. ನಾಲ್ಕೇ ಮಾತು. ನಾನು ಹಿಂದೆಮುಂದೆ ನೋಡುತ್ತಿದ್ದರೆ ಮೊಮ್ಮಗಳು ಮೊಬೈಲಿನಲ್ಲಿ ‘ದಿ ಮಾಲ್ಟೀಸ್ ಫಾಲ್ಕನ್’ ಎಂಬ ಕಪ್ಪು-ಬಿಳುಪು ಚಿತ್ರ ಹಾಕಿ, “ಅಜ್ಜ, ಈ ದಪ್ಪ ಮನುಷ್ಯ ಆ್ಯಕ್ಟಿಂಗ್ ಶುರು ಮಾಡಿದ್ದೇ 61ಕ್ಕಂತೆ” ಎಂದಳು. ಆತ ಯಾರು? ನಾನು ಹೋಗಲೋ, ಬೇಡವೋ?
— ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಹೋಗಿ ಮಾರಾಯ್ರೆ, ಅದರಲ್ಲಿ ಕೇಳುವುದೇನು. ಆದರೆ ಮೊಮ್ಮಗಳ ಲೆಕ್ಕವನ್ನು ಮೊದಲು ತಿದ್ದಿಬಿಡುತ್ತೇನೆ. ಆ ದಪ್ಪ ಮನುಷ್ಯನ ಹೆಸರು ಸಿಡ್ನಿ ಗ್ರೀನ್‌ಸ್ಟ್ರೀಟ್. ಆತ 61ಕ್ಕೆ ಶುರು ಮಾಡಿದ್ದು ಸಿನಿಮಾವನ್ನು, ನಟನೆಯನ್ನಲ್ಲ. ನಟನೆ ಶುರುವಾದದ್ದು 1902ರಲ್ಲಿ, ಇಂಗ್ಲೆಂಡಿನ ರ‍್ಯಾಮ್ಸ್‌ಗೇಟ್ ಎಂಬ ಕಡಲ ದಂಡೆಯ ಊರಿನಲ್ಲಿ, ಒಂದು ಷರ್ಲಾಕ್ ಹೋಮ್ಸ್ ನಾಟಕದ ಕೊಲೆಗಾರನಾಗಿ. ಸಿನಿಮಾ ಬಂದದ್ದು 1941ರಲ್ಲಿ. ನಡುವೆ 39 ವರ್ಷ. ವಾಟ್ಸಾಪಿನಲ್ಲಿ ಓಡಾಡುವ ಸ್ಫೂರ್ತಿಯ ಕಥೆಗಳು ಈ 39 ವರ್ಷವನ್ನು ನೀರು ಕುಡಿದಂತೆ ಕುಡಿದುಬಿಡುತ್ತವೆ. ನನಗೆ ಸಿಟ್ಟು ಬರುವುದು ಅಲ್ಲೇ.

ಆತ ಹುಟ್ಟಿದ್ದು 1879ರ ಡಿಸೆಂಬರ್ 27ರಂದು, ಕೆಂಟ್ ಸೀಮೆಯ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ. ಅಪ್ಪನದು ಚರ್ಮದ ವ್ಯಾಪಾರ, ಮನೆ ತುಂಬ ಮಕ್ಕಳು. ಮೀಸೆ ಮೂಡುವ ವಯಸ್ಸಿಗೆ, ನಮ್ಮ ಕರಾವಳಿಯವರು ಘಟ್ಟ ಹತ್ತಿದ ಹಾಗೆ, ಆತ ಸಿಲೋನಿಗೆ ಹಡಗು ಹತ್ತಿದ. ಚಹಾ ತೋಟದಲ್ಲಿ ದುಡ್ಡು ಮಾಡುವ ಆಸೆ. ಮಳೆ ಕೈಕೊಟ್ಟಿತು, ತೋಟ ಒಣಗಿತು, ಆಸಾಮಿ ಊರಿಗೆ ವಾಪಸ್. ಬಿಯರ್ ತಯಾರಿಸುವ ಕಡೆ ಒಂದು ಕೆಲಸ ಹಿಡಿದು, ಹೊತ್ತು ಹೋಗಲೆಂದು ನಟನೆಯ ಪಾಠಕ್ಕೆ ಸೇರಿಕೊಂಡ. ಹಗಲಿಗೊಂದು ಹೊಟ್ಟೆಪಾಡು, ಸಂಜೆಗೆ ರಿಹರ್ಸಲ್. ಮುಂಬಯಿಯ ಕನ್ನಡ ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬೆನ್ ಗ್ರೀಟ್ ಎಂಬವರ ಶೇಕ್ಸ್‌ಪಿಯರ್ ತಂಡದ ಜತೆ ಅಮೆರಿಕಕ್ಕೆ ಹೋಗಿ ಅಲ್ಲೇ ನಿಂತ. ಊರೂರು ತಿರುಗಾಟ, ಬ್ರಾಡ್‌ವೇ, 1930ರ ದಶಕದಲ್ಲಿ ಆಲ್‌ಫ್ರೆಡ್ ಲಂಟ್ ಮತ್ತು ಲಿನ್ ಫಾಂಟನ್ ದಂಪತಿಯ ತಂಡ. ಸಿನಿಮಾದವರು ಕರೆದರೂ ಒಲ್ಲೆ ಎನ್ನುತ್ತಿದ್ದ. ಕೊನೆಗೆ ಒಪ್ಪಿಸಿದವನು ಜಾನ್ ಹ್ಯೂಸ್ಟನ್. ಅವನಿಗೂ ನಿರ್ದೇಶಕನಾಗಿ ‘ದಿ ಮಾಲ್ಟೀಸ್ ಫಾಲ್ಕನ್’ ಮೊದಲ ಚಿತ್ರ.

ನೀವು ಮೊಬೈಲಿನಲ್ಲಿ ಅರ್ಧಂಬರ್ಧ ನೋಡಿರಬಹುದು, ಮತ್ತೆ ಕೂತು ನೋಡಿ. ಚಿತ್ರ ಹೆಚ್ಚುಕಡಿಮೆ ಅರ್ಧಕ್ಕೆ ಬರುವ ತನಕ ಗ್ರೀನ್‌ಸ್ಟ್ರೀಟ್ ಕಾಣುವುದೇ ಇಲ್ಲ. ‘ಆ ದಪ್ಪ ಮನುಷ್ಯ’ ಎಂಬ ಮಾತು ಮಾತ್ರ ಅವರಿವರ ಬಾಯಲ್ಲಿ ಹಾದು ಹೋಗುತ್ತದೆ. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದು ನಡುರಾತ್ರಿ ಕಳೆದ ಮೇಲೆ. ಮೊದಲು ಕೇಳುವುದು ತೆರೆಯ ಹಿಂದಿನ ಅಬ್ಬರ, ಆಮೇಲೆ ತೆರೆಯ ಮೇಲಿನಿಂದ ಕಿರೀಟದ ತುದಿ, ಅಷ್ಟರಲ್ಲಿ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂತಿರುತ್ತವೆ. ಹ್ಯೂಸ್ಟನ್ ಯಕ್ಷಗಾನ ನೋಡಿದವನಲ್ಲ, ಆದರೆ ಮಾಡಿದ್ದು ಅದನ್ನೇ. ವೇಷ ಬಂದ ಮೇಲೆ ಕ್ಯಾಮೆರಾಮನ್ ಆರ್ಥರ್ ಎಡಿಸನ್ ಕ್ಯಾಮೆರಾವನ್ನು ಕೆಳಗಿಟ್ಟು, ಹೊಟ್ಟೆಯ ಕಡೆಯಿಂದ ಮೇಲಕ್ಕೆ ಮುಖ ತೋರಿಸುತ್ತಾನೆ. 300 ಪೌಂಡಿನ ಆಸುಪಾಸಿನ ದೇಹ, ನಮ್ಮ ಲೆಕ್ಕದಲ್ಲಿ 135 ಕಿಲೊ. ವಾಚಿನ ಸರಪಳಿ ಆ ಹೊಟ್ಟೆಯ ಮೇಲೆ ತೋರಣ ಕಟ್ಟಿದ ಹಾಗಿದೆ.

ಹೊಟ್ಟೆಯಿಂದಲೇ ಪಾತ್ರ ಗೆದ್ದಿತು ಎಂದುಕೊಳ್ಳಬೇಡಿ. ಹೊಟ್ಟೆ ಇದ್ದವರು ನಮ್ಮ ಸಂಘದಲ್ಲೂ ಹತ್ತಾರು ಮಂದಿ ಇದ್ದಾರೆ. ಆತನ ಗುಟ್ಟು ಉಸಿರಿನಲ್ಲಿತ್ತು. ಉದ್ದ ವಾಕ್ಯವನ್ನು ಒಂದೇ ಉಸಿರಿಗೆ ಎಳೆದುಕೊಂಡು ಹೋಗಿ, ಕೊನೆಯಲ್ಲಿ ಗಂಟಲೊಳಗೇ ಗುಳುಗುಳು ನಗುತ್ತಾನೆ. ಪತ್ತೇದಾರನಿಗೆ ಮದ್ಯ ಬಗ್ಗಿಸುತ್ತಾ, ‘ಸಾಕು’ ಎನ್ನುವವನನ್ನು ತಾನು ನಂಬುವುದಿಲ್ಲ ಎಂದು ಹರಟುವಾಗ ಅದು ಅತಿಥಿಸತ್ಕಾರವೇ ಅನಿಸುತ್ತದೆ. ಮುಂದೊಂದು ಸಲ ಅದೇ ಆದರದಿಂದ ಚರಿತ್ರೆ ಹೇಳುತ್ತಾ ಹೇಳುತ್ತಾ, ಕುಡಿದವನ ಕಣ್ಣು ಯಾವಾಗ ತೇಲುತ್ತದೆ ಎಂದು ಕಾಯುತ್ತಿರುತ್ತಾನೆ. ಗ್ಲಾಸಿನಲ್ಲಿ ಮತ್ತಿನ ಮದ್ದು ಬೆರೆತಿದೆ.

ಕೊನೆಗೆ 17 ವರ್ಷ ಬೆನ್ನು ಹತ್ತಿದ, ಚಿನ್ನದ್ದೆಂದು ನಂಬಿದ್ದ ಹಕ್ಕಿಯ ಗೊಂಬೆ (ಚಿತ್ರದ ಹೆಸರಿನ ಫಾಲ್ಕನ್ ಅದೇ) ಕೈಗೆ ಬರುತ್ತದೆ. ಚಾಕುವಿನಿಂದ ಕೆರೆಯುತ್ತಾನೆ, ಚಿನ್ನವಲ್ಲ, ಸೀಸ. ಮುಖವೆಲ್ಲ ಕುಸಿದುಹೋಗುತ್ತದೆ. ಆಮೇಲೆ ಕಾಲರ್ ಸರಿಮಾಡಿಕೊಂಡು ಲೆಕ್ಕ ಒಪ್ಪಿಸುತ್ತಾನೆ: 17 ವರ್ಷವಾಯಿತು, ಇನ್ನೊಂದು ವರ್ಷ ಹುಡುಕಿದರೆ ಹೆಚ್ಚುವರಿ ಸಮಯ ಶೇಕಡಾ 5 ಮತ್ತು 17ರಲ್ಲಿ 15 ಪಾಲು ಮಾತ್ರ. ನಾನು ಪೆನ್ಸಿಲ್ ಹಿಡಿದು ಗುಣಿಸಿ ನೋಡಿದ್ದೇನೆ, ಲೆಕ್ಕ ಸರಿ ಇದೆ. ನೀವು ಬ್ಯಾಂಕಿನವರು, ನೀವೂ ನೋಡಿ. ಸೋಲನ್ನು ಅಳು ಇಲ್ಲದೆ ಕಣ್ಣಿಗೆ ಕಟ್ಟಿಸುವುದಕ್ಕೆ 39 ವರ್ಷದ ರಂಗಸ್ಥಳ ಬೇಕಾಗುತ್ತದೆ.

ಆ ವರ್ಷ ಪೋಷಕ ನಟನ ಆಸ್ಕರ್‌ಗೆ ಹೆಸರು ಹೋಯಿತು. ಸಿಕ್ಕಿದ್ದು ಡೊನಾಲ್ಡ್ ಕ್ರಿಸ್ಪ್‌ಗೆ. ಪರವಾಗಿಲ್ಲ.

ಇನ್ನು ನಿಮ್ಮ ಅಳುಕಿನ ಬಗ್ಗೆ. ಜತೆಯಲ್ಲಿ ನಟಿಸಿದ ಮೇರಿ ಆಸ್ಟರ್ ತನ್ನ ನೆನಪಿನ ಪುಸ್ತಕದಲ್ಲಿ ಹೇಳಿದ್ದಾರೆ: ಮೊದಲ ದೃಶ್ಯಕ್ಕೆ ಮುಂಚೆ ಗ್ರೀನ್‌ಸ್ಟ್ರೀಟ್‌ಗೆ ಎಷ್ಟು ಪುಕುಪುಕು ಎಂದರೆ, ಸ್ವಲ್ಪ ನನ್ನ ಕೈ ಹಿಡಿದುಕೋ ಎಂದು ಕೇಳಿದ್ದರಂತೆ. (ನೋಡಿ, ಇಷ್ಟು ಹೊತ್ತು ‘ಆತ’ ಎಂದು ಬರೆದವನಿಗೆ ಇಲ್ಲಿ ಬಹುವಚನ ತಾನಾಗಿ ಬಂತು.) ಆದ್ದರಿಂದ ಸೆಟ್ಟಿನಲ್ಲಿ ಮೊಣಕಾಲು ನಡುಗಿದರೆ ನಡುಗಲಿ. ಸಭಾಂಗಣದ ಹಿಂದಿನ ಸಾಲಿಗೆ ಮುಟ್ಟುವ ದನಿ ನಿಮಗಿದೆ. ಅದರ ಗಾತ್ರ ಇಳಿಸಿ, ಅಕ್ಷರದ ಸ್ಪಷ್ಟತೆ ಇಳಿಸಬೇಡಿ. ಕೈ ಬೀಸುವ ಚಾಳಿ ಮನೆಯಲ್ಲೇ ಬಿಟ್ಟು ಹೋಗಿ. ಅವರು ‘ಅಯ್ಯಯ್ಯೋ’ ಸೇರಿಸಿ ಎಂದರೆ ಒಂದು ಸಲ ಮಾಡಿ, ಎರಡನೆಯ ಸಲ ‘ಚಿಲ್ಲರೆ ಕೊಡಿ’ ಎಂಬುದನ್ನೇ ಅಷ್ಟು ಚೆನ್ನಾಗಿ ಹೇಳಿ ತೋರಿಸಿ. ಸಂಭಾವನೆ ಎಷ್ಟು, ಯಾವಾಗ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನನಗೆ ಒಂದು ಜಾಹೀರಾತಿನ ಕಂಪನಿ ಇನ್ನೂ ಕೊಟ್ಟಿಲ್ಲ.

ಪ್ರಶ್ನೆ: ನಾಗಸಾಕಿಯ ಮೇಲೆ ಹಾಕಿದ ಅಣುಬಾಂಬಿಗೆ ಒಬ್ಬ ನಟನ ಪಾತ್ರದ ಹೆಸರಿಟ್ಟಿದ್ದರು ಎಂದು ಹಾಸ್ಟೆಲಿನಲ್ಲಿ ಗೆಳೆಯ ವಾದಿಸುತ್ತಾನೆ. ನಿಜವೇ?
— ವಿದ್ಯಾರ್ಥಿ, ಪುಣೆ

ಉತ್ತರ: ನಿಮ್ಮ ಗೆಳೆಯನಿಗೆ ಒಂದು ಕಟಿಂಗ್ ಚಾ ಕುಡಿಸಿ. ಬಾಂಬುಗಳಿಗೆ ಆ ಅಡ್ಡಹೆಸರು ಕೊಟ್ಟವನು ತಾನೇ ಎಂದು ಭೌತವಿಜ್ಞಾನಿ ರಾಬರ್ಟ್ ಸರ್ಬರ್ ಬರೆದಿದ್ದಾರೆ. ಉದ್ದಕ್ಕೆ ಕೊಳವೆಯಂತಿದ್ದದ್ದು ‘ಥಿನ್ ಮ್ಯಾನ್’, ಗುಂಡಗಿದ್ದದ್ದು ‘ಫ್ಯಾಟ್ ಮ್ಯಾನ್’. ಎರಡನೆಯದು ಮೇಲೆ ಹೇಳಿದ ಗ್ರೀನ್‌ಸ್ಟ್ರೀಟ್ ಪಾತ್ರದ ನೆನಪಿನಲ್ಲಿ. 1945ರ ಆಗಸ್ಟ್ 9ರಂದು ಬಿದ್ದದ್ದು ಅದೇ. ಆ ಹೊತ್ತಿಗೆ ಆ ಮನುಷ್ಯ ‘ಕ್ರಿಸ್‌ಮಸ್ ಇನ್ ಕನೆಕ್ಟಿಕಟ್’ ಎಂಬ ಹಾಸ್ಯಚಿತ್ರದಲ್ಲಿ, ಹಬ್ಬದೂಟಕ್ಕೆ ತಾನಾಗಿ ಕರೆಸಿಕೊಳ್ಳುವ ಪತ್ರಿಕೆಯ ಯಜಮಾನನಾಗಿ ಜನರನ್ನು ನಗಿಸುತ್ತಿದ್ದ.

ಪ್ರಶ್ನೆ: ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಮಾಣಿಯಾಗಿದ್ದಾಗ ‘ಕಾಸಾಬ್ಲಾಂಕಾ’ ನೋಡಿದೆ ಎಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ಅದರಲ್ಲಿ ನಿಮಗೆ ಹಿಡಿಸಿದ ದೃಶ್ಯ ಯಾವುದು? ವಿಮಾನ ನಿಲ್ದಾಣದ್ದೇ?
— ಓದುಗರು, ಮಡಗಾಂವ್

ಉತ್ತರ: ಅಲ್ಲ. ಹೋಟೆಲ್ ಮಾರುವ ದೃಶ್ಯ.

ನಾನು ಆಗ ರಾತ್ರಿಶಾಲೆಯಲ್ಲಿ ಎಂಟನೇ ಕ್ಲಾಸು. 1965ರ ಆಸುಪಾಸು. ಹಳೆಯ ಇಂಗ್ಲಿಷ್ ಚಿತ್ರಗಳಿಗೆ ಬೆಳಗ್ಗಿನ ಆಟ ಇರುತ್ತಿತ್ತು, ಟಿಕೆಟ್ ಅಗ್ಗ. ಮೂವರು ಮಾಣಿಗಳು ಮತ್ತು ಮ್ಯಾಟ್ರಿಕ್ ಕಟ್ಟಿದ್ದ ಒಬ್ಬ ಸಪ್ಲೈಯರ್ ಸೇರಿ ಹೋಗಿದ್ದೆವು. ಇಂಗ್ಲಿಷ್ ಗೊತ್ತಿದ್ದದ್ದು ಅವನೊಬ್ಬನಿಗೆ. ಪಿಸುಗುಟ್ಟಿ ತುಳುವಿನಲ್ಲಿ ಅರ್ಥ ಹೇಳುತ್ತಿದ್ದ.

ನಾಯಕ, ನಾಯಕಿ, ಹಾಡು, ಯಾವುದೂ ನಮಗೆ ಅಂಟಲಿಲ್ಲ. ಬ್ಲೂ ಪ್ಯಾರಟ್ ಹೋಟೆಲಿನ ಧಣಿ ಫೆರಾರಿಯಾಗಿ ಗ್ರೀನ್‌ಸ್ಟ್ರೀಟ್ ಬಂದರು ನೋಡಿ. ಬಿಳಿ ಸೂಟು, ತಲೆಗೆ ತುರ್ಕಿ ಟೋಪಿ, ಕೈಯಲ್ಲಿ ನೊಣ ಹೊಡೆಯುವ ಬೀಸಣಿಗೆ. ನಾವು ಮೂವರೂ ಒಟ್ಟಿಗೆ “ಹೋ, ಧಣಿ!” ಎಂದೆವು. ಪಟ್‌ ಎಂದು ನೊಣ ಹೊಡೆಯುವ ಆ ಕೈಯನ್ನು ಎಲ್ಲಿ ಕಂಡರೂ ನಮಗೆ ಗುರುತು ಸಿಗುತ್ತಿತ್ತು. ಎಲ್ಲ ಗಿರಾಕಿಯನ್ನೂ ನೋಡಿದೆ, ಯಾರನ್ನೂ ನೋಡಲಿಲ್ಲ ಎಂಬ ಆ ಅರೆಗಣ್ಣೂ ಗಲ್ಲಾದ್ದೇ. ಇಂಗ್ಲೆಂಡಿನವನೊಬ್ಬ ಇಟಲಿಯವನ ಹೆಸರಿನಲ್ಲಿ ಮೊರೊಕ್ಕೊದ ಊರಲ್ಲಿ ಕೂತಿದ್ದರೂ ನಮಗೆ ಕಂಡದ್ದು ಕಾಪು-ಕುಂದಾಪುರದ ಕಡೆಯ ಮನುಷ್ಯ. ಇಡೀ ಚಿತ್ರದಲ್ಲಿ ಆತನಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಡೊಂಬಿವಲಿಯವರು ಇದನ್ನೂ ಓದಿಕೊಳ್ಳಲಿ.

ಮೊದಲ ಭೇಟಿಯಲ್ಲಿ ಫೆರಾರಿ, ನಾಯಕ ರಿಕ್‌ನ ಹೋಟೆಲಿನ ಜತೆಗೆ ಪಿಯಾನೋ ನುಡಿಸುವ ಸ್ಯಾಮ್‌ನನ್ನೂ ಬೆಲೆಗೆ ಕೇಳುತ್ತಾನೆ. ಮನುಷ್ಯರನ್ನು ತಾನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ ಎಂದು ರಿಕ್. ಈ ಊರಲ್ಲಿ ಹೆಚ್ಚು ಓಡುವ ಸರಕೇ ಅದಲ್ಲವೇ ಎಂದು ಫೆರಾರಿ. ಕೊನೆಗೆ ನಿಜವಾಗಿಯೂ ಹೋಟೆಲ್ ಕೈ ಬದಲಾಯಿಸುವಾಗ ರಿಕ್ ಒಂದು ಷರತ್ತು ಹಾಕುತ್ತಾನೆ: ಸ್ಯಾಮ್‌ಗೆ ಲಾಭದಲ್ಲಿ ಶೇಕಡಾ 25 ಕೊಡುವ ಕರಾರಿದೆ, ಅದು ಹಾಗೇ ನಡೆಯಬೇಕು. ಗ್ರೀನ್‌ಸ್ಟ್ರೀಟ್ ಒಂದು ಕ್ಷಣ ಸುಮ್ಮನೆ ನೋಡುತ್ತಾರೆ. ಅವನಿಗೆ ಸಿಗುವುದು 10 ಎಂದು ನನಗೆ ಗೊತ್ತು, ಆದರೆ ಅವನ ಯೋಗ್ಯತೆ 25ರದ್ದೇ ಎನ್ನುತ್ತಾರೆ. ಸುಳ್ಳನ್ನು ಹಿಡಿದದ್ದೂ ಆಯಿತು, ಒಪ್ಪಿದ್ದೂ ಆಯಿತು.

ನಮ್ಮ ಸಪ್ಲೈಯರ್ ಇದನ್ನು ತುಳುವಿಗೆ ತಿರುಗಿಸಿದ ಮೇಲೆ ನಾವು ಮೂವರೂ ಮಾತಾಡಲಿಲ್ಲ. ನಮಗೆ ಊಟ, ಮಲಗಲು ಹೋಟೆಲಿನದ್ದೇ ಅಟ್ಟ, ತಿಂಗಳಿಗೆ ಕೈಗೆ ಒಂದಿಷ್ಟು. ಲಾಭದಲ್ಲಿ ಪಾಲು ಎಂಬ ಮಾತನ್ನೇ ಕೇಳಿದವರಲ್ಲ.

ಮಾರನೆಯ ದಿನ ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಧೈರ್ಯ ಮಾಡಿ ಗಲ್ಲಾದ ಹತ್ತಿರ ನಿಂತು ನಮ್ಮ ಧಣಿಗೆ ಆ ಕಥೆ ಹೇಳಿದೆ. ಶೇಕಡಾ 25 ಎಂಬಲ್ಲಿ ಸ್ವಲ್ಪ ಒತ್ತಿಯೇ ಹೇಳಿದೆ. ಅವರು ಬಿಲ್ಲುಗಳನ್ನು ಮೊಳೆಗೆ ಚುಚ್ಚುತ್ತಾ ಪೂರ್ತಿ ಕೇಳಿದರು. ಆ ಫೆರಾರಿ ಊರಿನ ಕಾಳಸಂತೆಗೆಲ್ಲ ದೊಡ್ಡ ಕುಳ ಎಂದೂ ನಾನು ಹೇಳಿದ್ದೆ. ಸಕ್ಕರೆಗೆ ರೇಷನ್ ಇದ್ದ ಕಾಲ.

“ಹೌದಾ,” ಎಂದರು ಧಣಿ, “ಆ ಮನುಷ್ಯ ಸಕ್ಕರೆ ಎಲ್ಲಿಂದ ತರಿಸುತ್ತಿದ್ದ? ಅದನ್ನು ಪಿಚ್ಚರಿನಲ್ಲಿ ಹೇಳಿದ್ದಾರಾ?”