ಒಂದೇ ಅಡುಗೆಮನೆ, ಎರಡು ತೂಕ

ನನ್ನ ಬಳಿ ಮೊದಲು ಬಂದವರು ತಂದೆ. ವಯಸ್ಸು 44. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

"ಮೇಡಂ, ನಾಲ್ಕು ತಿಂಗಳ ಹಿಂದೆ ಮಾಂಸ ಬಿಟ್ಟೆ. ತೂಕ ತಾನಾಗೇ ಇಳಿಯುತ್ತೆ ಅಂತ ಎಲ್ಲರೂ ಹೇಳಿದ್ರು. 82 ಕೆ.ಜಿ. ಇದ್ದವನು 86 ಆಗಿದ್ದೀನಿ. ರಾತ್ರಿ ಹಸಿವಿಗೆ ನಿದ್ದೆ ಬರಲ್ಲ. ಮನೆಯಲ್ಲಿ ಎಲ್ಲರ ಮೇಲೂ ರೇಗ್ತೀನಿ. ನನ್ನ ಮನಸ್ಸೇ ಗಟ್ಟಿ ಇಲ್ಲ ಅನ್ಸುತ್ತೆ" ಎಂದರು.

ಮಾಂಸ ಬಿಡುವ ಯೋಚನೆ ಅವರ 16 ವರ್ಷದ ಮಗಳದು. ಪ್ರಾಣಿಗಳನ್ನು ಕೊಂದು ತಿನ್ನುವುದು ಅವಳಿಗೆ ಬೇಡವಾಗಿತ್ತು. ಊಟದ ಮೇಜಿನಲ್ಲಿ ಅವಳು ಒಂಟಿ ಆಗಬಾರದು ಅಂತ ಅಪ್ಪನೂ ಬಿಟ್ಟರು. ಇದನ್ನು ಕೇಳಿ ನನಗೆ ತುಂಬಾ ಖುಷಿಯಾಯಿತು. ಮಕ್ಕಳ ಇಂಥ ನಿರ್ಧಾರವನ್ನು ಗೇಲಿ ಮಾಡುವ ಹಿರಿಯರೇ ನನಗೆ ಜಾಸ್ತಿ ಸಿಕ್ಕಿದ್ದಾರೆ.

ಒಂದು ವಾರ ತಿಂದದ್ದನ್ನೆಲ್ಲ ಬರೆದು ತನ್ನಿ, ಅಳೆಯಬೇಡಿ, ಸುಮ್ನೆ ಬರೆಯಿರಿ ಎಂದೆ. ತಂದರು. ಓದುತ್ತಿದ್ದಂತೆ ಗೊತ್ತಾಯಿತು, ತೊಂದರೆ ಮನಸ್ಸಿನದಲ್ಲ, ತಟ್ಟೆಯದು. ಮೊದಲು ರಾತ್ರಿ ಊಟಕ್ಕೆ ಒಂದೂವರೆ ನೂರು ಗ್ರಾಂನಷ್ಟು ಕೋಳಿಮಾಂಸ ತಿನ್ನುತ್ತಿದ್ದರು. ಅದರಲ್ಲೇ ಸುಮಾರು 45 ಗ್ರಾಂ ಪ್ರೊಟೀನ್ ಸಿಗುತ್ತಿತ್ತು. ಅದು ಹೋಯಿತು. ಅದರ ಜಾಗಕ್ಕೆ ಇನ್ನೊಂದು ಪ್ರೊಟೀನ್ ಬರಲಿಲ್ಲ. ಅನ್ನ ಜಾಸ್ತಿಯಾಯಿತು, ಬೆಣ್ಣೆ ಹಚ್ಚಿದ ಬ್ರೆಡ್ಡು ಬಂತು, ಕರಿದ ಆಲೂಗಡ್ಡೆ ಬಂತು. ಹತ್ತು ಗಂಟೆಗೆ ಮತ್ತೆ ಹಸಿವು. ಆಗ ಬಿಸ್ಕತ್ತು, ಇಲ್ಲವೇ ಎರಡು ಹಿಡಿ ಬಾದಾಮಿ, ಗೋಡಂಬಿ. ಬೀಜಗಳು ಒಳ್ಳೆಯವೇ. ಆದರೆ 60 ಗ್ರಾಂ ತಿಂದರೆ ಸುಮಾರು 350 ಕ್ಯಾಲೊರಿ, ಅಂದರೆ ಅವರು ಬಿಟ್ಟ ಕೋಳಿಮಾಂಸಕ್ಕಿಂತ ಜಾಸ್ತಿ.

"ಸಸ್ಯಾಹಾರ ಅಲ್ವಾ ಮೇಡಂ, ಎಷ್ಟು ತಿಂದ್ರೂ ಏನೂ ಆಗಲ್ಲ ಅಂದ್ಕೊಂಡಿದ್ದೆ."

ತುಂಬಾ ಜನ ಹೀಗೇ ಅಂದುಕೊಳ್ಳುತ್ತಾರೆ. ಎಣ್ಣೆ ಸಸ್ಯದ್ದೇ, ಸಕ್ಕರೆಯೂ ಸಸ್ಯದ್ದೇ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ. ಪ್ರೊಟೀನ್‌ನಲ್ಲೂ ಪಿಷ್ಟದಲ್ಲೂ 4. ಅದು ಎಲ್ಲಿಂದ ಬಂತು ಎಂದು ದೇಹ ಕೇಳುವುದಿಲ್ಲ. ಸಸ್ಯಾಹಾರ ಎಂಬ ಮಾತು ತಟ್ಟೆಯಲ್ಲಿ ಏನು ಇಲ್ಲ ಅನ್ನುವುದನ್ನು ಹೇಳುತ್ತದೆ, ಅಷ್ಟೇ. ಏನಿದೆ, ಎಷ್ಟಿದೆ ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು.

ಸಸ್ಯಾಹಾರಿಗಳು ತೆಳ್ಳಗಿರುತ್ತಾರೆ ಎಂದು ಅವರು ಓದಿದ್ದು ಸುಳ್ಳೇನಲ್ಲ. ಬ್ರಿಟನ್ನಿನಲ್ಲಿ 1993ರಲ್ಲಿ ಶುರುವಾದ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಸುಮಾರು 65 ಸಾವಿರ ಜನ ಇದ್ದರು. ಅದರಲ್ಲಿ ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸರಾಸರಿಯಲ್ಲಿ ಸ್ವಲ್ಪ ಕಡಿಮೆಯೇ ಇತ್ತು. ಆದರೆ ಅದು ಸಾವಿರಾರು ಜನರ ಸರಾಸರಿ. ನಾಲ್ಕು ತಿಂಗಳಲ್ಲಿ ನಿಮಗೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹೊರಡುವಾಗ ಅವರು ಒಂದು ಮಾತು ಹೇಳಿದರು. "ನನ್ನ ಮಗಳನ್ನು ನೋಡಿ ಮೇಡಂ. ಅದೇ ಮನೆ, ಅದೇ ಅಡುಗೆ. 54 ಇದ್ದವಳು 46ಕ್ಕೆ ಇಳಿದಿದ್ದಾಳೆ. ಅವಳ ಶಿಸ್ತು ನನಗಿಲ್ಲ."

ಅವರ ದನಿಯಲ್ಲಿ ಹೆಮ್ಮೆ ಇತ್ತು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಮತ್ತೆ ಕೂರಿಸಿ ಕೇಳಿದೆ. ರಾತ್ರಿ ನಿಮ್ಮ ಜೊತೆ ಕೂತು ಊಟ ಮಾಡುತ್ತಾಳಾ? ಇಲ್ಲ, ಓದೋದಿದೆ ಅಂತ ಕೋಣೆಗೆ ತಟ್ಟೆ ಒಯ್ಯುತ್ತಾಳೆ. ಹಾಲು ಕುಡಿಯುತ್ತಾಳಾ? ಅದನ್ನೂ ಬಿಟ್ಟಳು, ಆಮೇಲೆ ಎಣ್ಣೆ ಬಿಟ್ಟಳು, ಈಗ ಅನ್ನವೂ ಬೇಡ ಅನ್ನುತ್ತಾಳೆ. ಚಳಿ ಚಳಿ ಅನ್ನುತ್ತಾಳಾ? ಹೌದು, ನಿಮಗೆ ಹೇಗೆ ಗೊತ್ತು? ಮುಟ್ಟಿನ ಬಗ್ಗೆ ಅವರಿಗೆ ತಿಳಿದಿರಲಿಲ್ಲ. ತಾಯಿಗೆ ಫೋನ್ ಮಾಡಿಸಿದೆ. ಮೂರು ತಿಂಗಳಿಂದ ಆಗಿಲ್ಲ ಎಂದರು.

ಮಗಳನ್ನು ಅಂದೇ ವೈದ್ಯರಿಗೆ ತೋರಿಸಿ ಎಂದು ಕಳಿಸಿದೆ. ಇದರಲ್ಲಿ ನಾನು ಕಾಯುವುದಿಲ್ಲ. ನಾಡಿ, ರಕ್ತದೊತ್ತಡ, ರಕ್ತಪರೀಕ್ಷೆ ಮೊದಲು, ಮಾತುಕತೆ ಆಮೇಲೆ. ರಕ್ತದಲ್ಲಿ ಬಿ12 ವಿಟಮಿನ್ ಎಷ್ಟಿದೆ ಎಂದೂ ನೋಡಿಸಿದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಬರೀ 2.4 ಮೈಕ್ರೋಗ್ರಾಂ. ಆದರೆ ಸಸ್ಯಗಳಿಂದ ಅದು ಸಿಗುವುದಿಲ್ಲ. ಹಾಲು ಮೊಟ್ಟೆಯನ್ನೂ ಬಿಟ್ಟವರು ಮಾತ್ರೆಯಿಂದಲೋ, ಬಿ12 ಸೇರಿಸಿ ತಯಾರಿಸಿದ ಆಹಾರದಿಂದಲೋ ಪಡೆಯಬೇಕು. ಅದು ಕಡಿಮೆಯಾದರೆ ಸುಸ್ತು, ಕೈಕಾಲು ಜೋಮು, ಮರೆವು, ಮಂಕು ಎಲ್ಲ ಬರಬಹುದು. ಮೇಲೆ ನೋಡಿದರೆ ಮನಸ್ಸಿನ ಕಾಯಿಲೆ ಅನ್ನಿಸುತ್ತದೆ.

ಮಗಳು ಬಂದಳು. ದೊಡ್ಡ ಸ್ವೆಟರ್ ಹಾಕಿಕೊಂಡಿದ್ದಳು. ಮಾಂಸ ತಿನ್ನು ಅಂತ ನಾನು ಹೇಳುವುದಿಲ್ಲ ಎಂದು ಮೊದಲೇ ತಿಳಿಸಿದೆ. ಸ್ವಲ್ಪ ಹೊತ್ತು ಪ್ರಾಣಿಗಳ ಬಗ್ಗೆ ಮಾತಾಡಿದಳು. ಅವಳ ಕಾಳಜಿ ನಿಜವಾದದ್ದು. ಇಂಥ ಮಕ್ಕಳಿಗೆ "ಇದೆಲ್ಲ ಸಣ್ಣಗಾಗೋ ನಾಟಕ" ಅಂದರೆ ಅವರು ಮತ್ತೆಂದೂ ಬಾಯಿ ಬಿಡುವುದಿಲ್ಲ.

ಆಮೇಲೆ ಕೇಳಿದೆ. "ಮಾಂಸ ಬಿಟ್ಟರೆ ತೂಕ ಒಂದು ಗ್ರಾಂ ಕೂಡ ಇಳಿಯಲ್ಲ ಅಂತ ಗೊತ್ತಿದ್ದರೂ ಬಿಡ್ತಿದ್ದೆಯಾ?"

"ಬಿಡ್ತಿದ್ದೆ" ಎಂದಳು ತಕ್ಷಣ.

"ಸರಿ. ಅನ್ನ ಬಿಟ್ಟಿದ್ದು ಯಾವ ಪ್ರಾಣಿಗೋಸ್ಕರ ಅಮ್ಮ?"

ತುಂಬಾ ಹೊತ್ತು ಸುಮ್ಮನಿದ್ದು ಅತ್ತಳು. ದಿನಕ್ಕೆ ಐದಾರು ಸಲ ತೂಕ ನೋಡಿಕೊಳ್ಳುತ್ತಿದ್ದಳಂತೆ. "ಬೇಡ ಅಂದಾಗ ಯಾರೂ ಪ್ರಶ್ನೆ ಕೇಳ್ತಿರಲಿಲ್ಲ ಮೇಡಂ. ಸಸ್ಯಾಹಾರಿ ಅಂದ್ರೆ ಸಾಕಿತ್ತು. ಅಪ್ಪ ಬೇರೆ ಎಲ್ಲರ ಮುಂದೆ ಹೊಗಳ್ತಿದ್ರು."

ಹೊರಗೆ ಕೂತಿದ್ದ ತಂದೆಗೆ ಈ ಮಾತನ್ನು ಅವಳೇ ಹೇಳಿದಳು. ಅವರಿಗೆ ಅದು ತುಂಬಾ ನೋವು ಕೊಟ್ಟಿತು. ಇದರಲ್ಲಿ ನಿಮ್ಮ ತಪ್ಪು ಹುಡುಕಬೇಡಿ, ಇನ್ನು ಮುಂದೆ ನೀವೇ ಅವಳಿಗೆ ಔಷಧಿ ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಹದಿಹರೆಯದವರು ಊಟ ಬಿಡುತ್ತಾ ಹೋದಾಗ ತಂದೆತಾಯಿಯೇ ಊಟದ ಹೊಣೆ ಹೊರುವ ಚಿಕಿತ್ಸೆ ಇದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪಗೊಂಡದ್ದು. ಈ ಕೆಲಸ ಗೊತ್ತಿರುವ ತಂಡದ ಕೈಗೆ ಅವರನ್ನು ಒಪ್ಪಿಸಿದೆ. ಜೊತೆಗೆ ನಾನೂ ಇದ್ದೆ.

ಮನೆಗೆ ನಾನು ಕೊಟ್ಟ ಸಲಹೆ ಇಷ್ಟು. ತೂಕದ ಯಂತ್ರ ಮನೆಯಿಂದ ಹೊರಗೆ ಹೋಗಲಿ. ತಂದೆಯೂ ನೋಡಿಕೊಳ್ಳಬಾರದು, ಮಗಳೂ ನೋಡಿಕೊಳ್ಳಬಾರದು. ಅವಳ ತೂಕ ವೈದ್ಯರ ಹತ್ತಿರ ಮಾತ್ರ. ಮೂರು ಹೊತ್ತೂ ಊಟ ಒಂದೇ ಮೇಜಿನಲ್ಲಿ, ಓದು ಎಷ್ಟೇ ಇರಲಿ. ತಟ್ಟೆಗೆ ಬಡಿಸುವವರು ತಂದೆ ಅಥವಾ ತಾಯಿ. ಇಳಿದರೂ ಏರಿದರೂ ಮನೆಯಲ್ಲಿ ಯಾರ ಮೈಯ ಬಗ್ಗೆಯೂ ಮಾತು ಬೇಡ. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. "ಚೆನ್ನಾಗಿ ಕಾಣ್ತೀಯ" ಅನ್ನುವುದೂ ಬಾಯಿಗೆ ಅಷ್ಟು ರೂಢಿಯಾಗಿರುತ್ತದೆ.

ಮಾಂಸ ಯಾರೂ ತಿನ್ನಬೇಕಾಗಿರಲಿಲ್ಲ. ಆದರೆ ಅವಳ ತೂಕ ಸರಿಯಾಗುವ ತನಕ ಹಾಲು, ಮೊಸರು, ಎಣ್ಣೆ, ಬೀಜಗಳು ಬೇಕೇ ಬೇಕು ಎಂದು ವೈದ್ಯರು ಹೇಳಿದರು. ಅತ್ತು, ಜಗಳವಾಡಿ, ಕೊನೆಗೆ ಒಪ್ಪಿದಳು.

ತಂದೆಯ ಲೆಕ್ಕ ಆಹಾರತಜ್ಞರ ಜೊತೆ ಕೂತು ಮಾಡಿದೆವು. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಎಂದರೆ ಅವರಿಗೆ 70 ಗ್ರಾಂ ಹತ್ತಿರ. ಬೇಯಿಸಿದ ಬೇಳೆಕಾಳು 200 ಗ್ರಾಂ ತಿಂದರೆ 16ರಿಂದ 18 ಗ್ರಾಂ ಸಿಗುತ್ತದೆ. ಹಾಗಾಗಿ ಪ್ರತಿ ಊಟಕ್ಕೂ ಮೊದಲು ಕಾಳು, ಸೋಯಾ, ಮೊಸರು, ಮೊಟ್ಟೆ ಇವುಗಳಲ್ಲಿ ಯಾವುದು ಅಂತ ತೀರ್ಮಾನಿಸುವುದು. ಅನ್ನ, ಬ್ರೆಡ್ಡು ಆಮೇಲೆ. ಕಾಳು ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೆ ವಾರ ವಾರ ಸ್ವಲ್ಪ ಸ್ವಲ್ಪ. ಹತ್ತು ದಿನದಲ್ಲಿ ರಾತ್ರಿಯ ಹಸಿವು ನಿಂತಿತು. ರೇಗುವುದೂ ತಗ್ಗಿತು. ತನ್ನ ಮನಸ್ಸು ಗಟ್ಟಿ ಇಲ್ಲ ಅನ್ನುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಏಳು ತಿಂಗಳಾಗಿದೆ. ಅಪ್ಪ ಮಗಳು ಇಬ್ಬರೂ ಈಗಲೂ ಮಾಂಸ ತಿನ್ನುವುದಿಲ್ಲ. ಅವಳ ಮುಟ್ಟು ಕಳೆದ ತಿಂಗಳು ಮರಳಿ ಬಂದಿದೆ. ಭಯ ಪೂರ್ತಿ ಹೋಗಿಲ್ಲ, ಕೆಲವು ರಾತ್ರಿ ತಟ್ಟೆ ಖಾಲಿಯಾಗಲು ಒಂದು ಗಂಟೆ ಬೇಕಾಗುತ್ತದೆ. ಅಷ್ಟು ಹೊತ್ತೂ ಅಪ್ಪ ಕೈ ತೊಳೆಯದೆ ಅವಳ ಪಕ್ಕದಲ್ಲೇ ಕೂತಿರುತ್ತಾರೆ.