ಇಸವಿ ಹಾಕಿದ ಕ್ರಿಸ್‌ಮಸ್ ಬಿಲ್ಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವರ್ಷಕ್ಕೊಂದರಂತೆ ಇಸವಿ ಹಾಕಿದ ಹಿತ್ತಾಳೆ ಬಿಲ್ಲೆ ಮಾಡಿ, ಕ್ರಿಸ್‌ಮಸ್ ಮರಕ್ಕೆ ಕಟ್ಟಲು ಮನೆಮನೆಗೆ ಕೊಡಬೇಕೆಂಬುದು ನಮ್ಮ ಚರ್ಚಿನ ಯುವಕರ ಆಸೆ. ಈ ಪದ್ಧತಿ ಎಲ್ಲಿಯದು? ಐವತ್ತು ಬಿಲ್ಲೆಗಳನ್ನು ನಾವೇ ಮಾಡಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಡೆನ್ಮಾರ್ಕಿನ ಪಿಂಗಾಣಿ ಕಂಪನಿ ಬಿಂಗ್ ಅಂಡ್ ಗ್ರೋಂಡಾಲ್ 1895ರಲ್ಲಿ ಇಸವಿ ಹಾಕಿದ ಕ್ರಿಸ್‌ಮಸ್ ತಟ್ಟೆ ತಂದಿತು. ಮರಕ್ಕೆ ತೂಗುಹಾಕುವ ಸರಣಿಗಳು ಬಂದದ್ದು ಬಹಳ ತಡವಾಗಿ: ಅಮೆರಿಕದ ಬೆಳ್ಳಿ ಕಂಪನಿ ಗೊರ್ಹಾಮ್ 1970ರಲ್ಲಿ ಹಿಮಹರಳಿನ ಆಕಾರದ ಬೆಳ್ಳಿ ಬಿಲ್ಲೆ ತಂದಿತು, ವೈಟ್ ಹೌಸ್ ಹಿಸ್ಟಾರಿಕಲ್ ಅಸೋಸಿಯೇಷನ್ 1981ರಲ್ಲಿ ಶುರುಮಾಡಿತು. ಅಸೋಸಿಯೇಷನ್ನಿನ ಬಹುಪಾಲು ಬಿಲ್ಲೆಗಳು ಅಮೆರಿಕದ ಒಬ್ಬೊಬ್ಬ ಅಧ್ಯಕ್ಷರನ್ನು ಸರದಿಯಂತೆ ನೆನೆಯುತ್ತವೆ. ಸರಣಿಗೆ ಜೀವ ಬರುವುದು ಈ ಸರದಿಯಿಂದಲೇ. ನೀವೂ ಮುಂದಿನ ಐದು ವರ್ಷದ ಚಿತ್ರಗಳನ್ನು ಈಗಲೇ ಗೊತ್ತುಮಾಡಿ. ಅಳತೆ, ತೂತಿನ ಜಾಗ, ಅಂಕಿಯ ಬರವಣಿಗೆ ಬದಲಾಗಬಾರದು. ಮೊದಲ ವರ್ಷಕ್ಕೆ ನಿಮ್ಮೂರಿನ ಸಂತ ಅನ್ನಮ್ಮ ದೇವಾಲಯದ ಗೋಪುರಕ್ಕಿಂತ ಒಳ್ಳೆಯ ಚಿತ್ರ ಬೇಕೇ?

ಮಾಡಲು 0.5 ಮಿಮೀ ಹಿತ್ತಾಳೆ ತಗಡು ಸಾಕು; ಬೇಡದ ಭಾಗವನ್ನು ದ್ರಾವಣದಿಂದ ತಿನ್ನಿಸಿ ತೆಗೆಯುವುದು ಇದರ ಕ್ರಮ. ಚಿತ್ರದ ಗೆರೆಯಾಗಲಿ ನಡುವಿನ ಸಂದಾಗಲಿ ತಗಡಿನ ದಪ್ಪಕ್ಕಿಂತ ಸಣ್ಣದಿರಬಾರದು. ದ್ರಾವಣ ಕೆಳಕ್ಕೆ ತಿನ್ನುವಾಗ ಪಕ್ಕಕ್ಕೂ ತಿನ್ನುತ್ತದೆ, ಸಣ್ಣ ಗೆರೆ ಉಳಿಯುವುದಿಲ್ಲ. ತಗಡನ್ನು ಜಿಡ್ಡು ಹೋಗುವಂತೆ ತೊಳೆದು, ಎರಡೂ ಬದಿಗೆ ಡ್ರೈ ಫಿಲ್ಮ್ (ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ತೆಳು ಹಾಳೆ) ಅಂಟಿಸಿ, ಚಿತ್ರದ ನೆಗೆಟಿವ್ ಇಟ್ಟು ಯುವಿ ಬೆಳಕು ಕೊಡಿ. ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿ ತೊಳೆದರೆ ಫಿಲ್ಮಿನಲ್ಲಿ ಬೆಳಕು ಬೀಳದ ಭಾಗ ಕರಗಿಹೋಗುತ್ತದೆ. ಎರಡು ಬದಿಯ ನೆಗೆಟಿವ್ ಕೂದಲೆಳೆ ಸರಿದರೂ ಅಂಚು ಮೆಟ್ಟಿಲಾಗುತ್ತದೆ, ಮೂಲೆಗಳಲ್ಲಿ ಗುರುತು ಹಾಕಿ ಹೊಂದಿಸಿ. ಮುಂದಿನದು ತಗಡನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣ, ಸುಮಾರು 40 ಡಿಗ್ರಿ ಬಿಸಿ, ಪ್ಲಾಸ್ಟಿಕ್ ತೊಟ್ಟಿ. ಸ್ಟೀಲು, ಅಲ್ಯುಮಿನಿಯಂ ಪಾತ್ರೆಯನ್ನೇ ಅದು ತಿಂದುಬಿಡುತ್ತದೆ. ತಗಡನ್ನು ನೇತುಹಾಕಿ ಅಲುಗಾಡಿಸುತ್ತಿರಿ; ತಳದಲ್ಲಿ ಮಲಗಿಸಿದರೆ ಗಸಿ ಕೂತು ಕೊರೆತ ಒಂದೇ ಸಮ ಆಗದು. ಅರ್ಧ ತಾಸಿನಿಂದ ಒಂದು ತಾಸು ಹಿಡಿಯಬಹುದು, ಐದೈದು ನಿಮಿಷಕ್ಕೆ ನೋಡಿ. ಬಿಲ್ಲೆ ಕಳಚಿ ಬೀಳದಂತೆ ಅದನ್ನು ಚೌಕಟ್ಟಿಗೆ ಹಿಡಿದಿಡುವ ಎರಡು ಸಣ್ಣ ಕಿವಿಗಳನ್ನು ಚಿತ್ರದಲ್ಲೇ ಬಿಟ್ಟಿರಿ, ಕೊನೆಗೆ ಕತ್ತರಿಸಿ ಅರದಿಂದ ಉಜ್ಜಿದರಾಯಿತು. ಕನ್ನಡಕ, ಕೈಗವಸು ಕಡ್ಡಾಯ. ಉಳಿದ ದ್ರಾವಣದಲ್ಲಿ ತಾಮ್ರವಿರುತ್ತದೆ, ಮೀನಿಗೆ ವಿಷ. ತೋಡಿಗೂ ತೋಟಕ್ಕೂ ದಯವಿಟ್ಟು ಚೆಲ್ಲಬೇಡಿ. ಸೋಡಾ ಹಾಕಿ ಗಸಿ ಇಳಿಸಿ, ಮುಚ್ಚಿಟ್ಟು, ರಾಸಾಯನಿಕ ತ್ಯಾಜ್ಯ ಪಡೆಯುವವರಿಗೇ ಕೊಡಿ.

ಪ್ರಶ್ನೆ: ಕಾಫಿ ಬೊಡ್ಡೆಯನ್ನು ದುಂಡಗೆ ಕೊಯ್ದು ಮಾಡಿದ ಬಿಲ್ಲೆಗಳೆಲ್ಲ ಸೀಳಿದವು. ಏಕೆ?
– ಓದುಗರು, ಸೋಮವಾರಪೇಟೆ

ಉತ್ತರ: ಒಣಗುವಾಗ ಮರವು ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ದುಂಡು ಬಿಲ್ಲೆ ಆ ಎಳೆತಕ್ಕೆ ತಿರುಳಿನವರೆಗೆ ಸೀಳುತ್ತದೆ. ಬೊಡ್ಡೆಯನ್ನು ಉದ್ದಕ್ಕೆ ತಿರುಳಿನ ಮೂಲಕವೇ ಸೀಳಿ, ತುದಿಗಳನ್ನು ಕರಗಿದ ಮೇಣದಲ್ಲಿ ಅದ್ದಿ, ನೆರಳಲ್ಲಿ ಕಡ್ಡಿ ಇಟ್ಟು ಪೇರಿಸಿ. ಒಲೆಯ ಮೇಲಿನ ಅಟ್ಟ ಬೇಡ. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತರೆ ಮರ ಸಿದ್ಧ. ಮಳೆಗಾಲದಲ್ಲಿ ಅದು ನಿಲ್ಲುವುದು ಒಣಗಿದ್ದಕ್ಕಲ್ಲ, ಗಾಳಿಯ ತೇವಕ್ಕೆ. ಹಾಗಾಗಿ ಕೊಯ್ಲು ಮುಗಿದ ಮೇಲೆ ಕಸಿ ಮಾಡುವಾಗಲೇ (ಗಿಡ ಸವರುವಾಗಲೇ) ರೋಬಸ್ಟಾ ಬೊಡ್ಡೆ ಎತ್ತಿಟ್ಟುಕೊಳ್ಳಿ. ಕಾಂಡಕೊರಕ ಹಿಡಿದ ಅರೇಬಿಕಾ ಮಾತ್ರ ಬೇಡವೇ ಬೇಡ. ಒಳಗೆ ಹುಳುವಿರುತ್ತದೆ, ಅದನ್ನು ಸುಡಬೇಕು.

ಪ್ರಶ್ನೆ: ಹಿತ್ತಾಳೆ ಬಿಲ್ಲೆ ಒಂದು ಮಳೆಗಾಲಕ್ಕೇ ಕಪ್ಪಾಗುತ್ತದೆ.
– ಓದುಗರು, ಮಡಿಕೇರಿ

ಉತ್ತರ: ಹುಣಸೆಹಣ್ಣಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ, ಬರಿಗೈ ತಾಗಿಸದೆ ಪಾರದರ್ಶಕ ಲ್ಯಾಕರ್ ಎರಡು ತೆಳು ಪದರ ಹೊಡೆಯಿರಿ. ಬಿಸಿಲಿನ ದಿನವೇ ಆಗಬೇಕು, ತೇವದಲ್ಲಿ ಲ್ಯಾಕರ್ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಆಮೇಲೆ ಹುಣಸೆ ಮುಟ್ಟಿಸಬೇಡಿ. ಚಿನ್ನದ ಲೇಪ ಹಾಕಿಸುವುದಾದರೆ ಅಡಿಯಲ್ಲಿ ನಿಕ್ಕಲ್ ಪದರ ಇರಲಿ, ಇಲ್ಲದಿದ್ದರೆ ತಾಮ್ರ ಚಿನ್ನದೊಳಗೆ ಏರಿ ಬಣ್ಣ ಕೆಡಿಸುತ್ತದೆ. ಎತ್ತಿಡುವಾಗ ಪೇಪರ್, ರಬ್ಬರ್ ಬ್ಯಾಂಡ್ ಎರಡೂ ದೂರ, ರಬ್ಬರಿನ ಗಂಧಕವೇ ಕಪ್ಪು ತರುತ್ತದೆ. ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.