ಒಂದೇ ಒಂದು ದಮ್ಮಿನ ಲೆಕ್ಕ

ಪ್ರಶ್ನೆ: ನನಗೆ 41 ವರ್ಷ. ಹದಿನೆಂಟು ವರ್ಷ ದಿನಕ್ಕೆ ಹದಿನೈದು ಸಿಗರೇಟು ಸೇದಿದವನು. ಬಿಟ್ಟು ಆರು ದಿನ ಆಯಿತು. ಪೂರ್ತಿ ಬಿಟ್ಟಿದ್ದೇನೆ ಅನ್ನಲಾರೆ. ತಲೆ ಕೆಟ್ಟಾಗ ಗೆಳೆಯನ ಸಿಗರೇಟಿನಿಂದ ಒಂದು ದಮ್ಮು ಎಳೆದು ವಾಪಸ್ ಕೊಡುತ್ತೇನೆ. ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ. ಮಗಳ ಮೇಲೆ ಸುಮ್‌ಸುಮ್ನೆ ರೇಗುತ್ತೇನೆ. ‘ನಿಮಗೆ ಮನಸ್ಸು ಗಟ್ಟಿ ಇಲ್ಲ’ ಎನ್ನುತ್ತಾಳೆ ಹೆಂಡತಿ. ಇದು ಮನಸ್ಸಿನದೋ, ಮಿದುಳಿನದೋ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ? (ಹೆಸರು ಬೇಡ)

ಉತ್ತರ: ಮೊದಲು ಆ ಒಂದು ದಮ್ಮಿನ ವಿಷಯ. ನಾನೂ ಹನ್ನೊಂದು ವರ್ಷ ಸೇದಿದವನೇ, ಅದೂ ಡಾಕ್ಟರ್ ಆದಮೇಲೆ. ಬಿಡುವಾಗ ಅರ್ಧ ಸಿಗರೇಟನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ದಿನಕ್ಕೆರಡು ಸಲ ಹಚ್ಚುವುದು, ಒಂದು ದಮ್ಮು ಎಳೆಯುವುದು, ಆರಿಸಿ ಮತ್ತೆ ಡಬ್ಬಿಗೆ. ಅದು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ.

ಲೆಕ್ಕಕ್ಕಿದೆ. ನಿಕೋಟಿನ್ ಬಂದು ಕೂರಲು ಮಿದುಳಿನಲ್ಲಿ ರಿಸೆಪ್ಟರ್‌ಗಳಿವೆ. ಅವನ್ನು ಕುರ್ಚಿ ಅನ್ನೋಣ. 2006ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕ ಆರ್ಥರ್ ಬ್ರಾಡಿ ಮತ್ತು ಸಂಗಡಿಗರು ಸೇದುವವರಿಗೆ ಪೆಟ್ ಸ್ಕ್ಯಾನ್ (ತುಸು ವಿಕಿರಣದ ಔಷಧ ಕೊಟ್ಟು ಮಿದುಳಿನ ಚಿತ್ರ ತೆಗೆಯುವ ವಿಧಾನ) ಮಾಡಿ ಈ ಕುರ್ಚಿಗಳು ಎಷ್ಟು ತುಂಬುತ್ತವೆ ಎಂದು ನೋಡಿದರು. ಒಂದೆರಡು ದಮ್ಮಿಗೇ ಅರ್ಧ ಕುರ್ಚಿ ಭರ್ತಿ, ಅದೂ ಮೂರು ಗಂಟೆಗೂ ಜಾಸ್ತಿ ಹೊತ್ತು. ಪೂರ್ತಿ ಸಿಗರೇಟಿಗೆ 88% ಮೀರಿ ತುಂಬಿದವು. ಸೇದಬೇಕೆಂಬ ಸೆಳೆತ ಇಳಿದದ್ದು ಆಗಲೇ. ಅಂದರೆ ನಿಮ್ಮ ಒಂದು ದಮ್ಮು ಮಿದುಳನ್ನು ನಿಕೋಟಿನ್‌ನಿಂದ ಬಿಡಿಸುವುದೂ ಇಲ್ಲ, ಅದರ ಆಸೆ ತೀರಿಸುವುದೂ ಇಲ್ಲ. ಹಸಿದವನಿಗೆ ವಾಸನೆ ತೋರಿಸಿದ ಹಾಗೆ. ನನ್ನ ಕನ್ನಡಕದ ಡಬ್ಬಿ ಮಾಡುತ್ತಿದ್ದದ್ದೂ ಅದನ್ನೇ.

ಹೀಗೆ ವರ್ಷಗಟ್ಟಲೆ ಸೇದಿದವರಲ್ಲಿ ಕುರ್ಚಿಗಳ ಸಂಖ್ಯೆಯೇ ಹೆಚ್ಚಾಗಿರುತ್ತದೆ. ಇದನ್ನು ಎಣಿಸುವುದು ಸುಲಭವಲ್ಲ. ಸ್ಕ್ಯಾನ್‌ಗೆ ಕೊಡುವ ವಿಕಿರಣದ ಔಷಧವೂ ಅದೇ ಕುರ್ಚಿಯಲ್ಲಿ ಕೂರಬೇಕು, ನಿಕೋಟಿನ್ ಎದ್ದು ಹೋಗದೆ ಅದಕ್ಕೆ ಜಾಗ ಸಿಗದು. ಹಾಗಾಗಿ ಯೇಲ್ ವಿಶ್ವವಿದ್ಯಾಲಯದವರು ಸುಮಾರು ಒಂದು ವಾರ ಸೇದದೆ ಇದ್ದವರನ್ನು ನೋಡಿದರು. ಯಾವತ್ತೂ ಸೇದದವರಿಗಿಂತ ಅವರಲ್ಲಿ ಕುರ್ಚಿ ಜಾಸ್ತಿ ಇತ್ತು, ಎಲ್ಲ ಖಾಲಿ. ಆ ಒಂದು ದಮ್ಮು ಬಿಟ್ಟರೆ, ನೀವು ಈಗ ಇರುವುದು ಹೆಚ್ಚೂ ಕಡಿಮೆ ಅಲ್ಲೇ. 2009ರಲ್ಲಿ ಅದೇ ತಂಡ ತೋರಿಸಿದಂತೆ, ಬಿಟ್ಟವರಲ್ಲಿ 6ರಿಂದ 12 ವಾರದೊಳಗೆ ಈ ಸಂಖ್ಯೆ ಸೇದದವರ ಮಟ್ಟಕ್ಕೆ ಇಳಿಯುತ್ತದೆ.

ಗಮನ ನಿಲ್ಲದಿರುವುದಕ್ಕೂ ಕಾರಣ ಇದೆ. ಸುಮ್ನೆ ಕೂತಾಗ ನಮ್ಮೊಳಗೆ ನಾವೇ ಸುತ್ತಾಡಲು ಮಿದುಳಿನಲ್ಲಿ ಒಂದು ಜಾಲ ಇದೆ. ಕೆಲಸಕ್ಕೆ ಕೂತಾಗ ಅದು ತಣ್ಣಗಾಗಬೇಕು. 24 ಗಂಟೆ ಸಿಗರೇಟು ಇಲ್ಲದವರ ಎಫ್‌ಎಂಆರ್‌ಐ (ಮಿದುಳು ಕೆಲಸ ಮಾಡುವುದನ್ನು ತೋರಿಸುವ ಸ್ಕ್ಯಾನ್) ನೋಡಿದಾಗ, ಅದು ಸರಿಯಾಗಿ ತಣ್ಣಗಾಗುತ್ತಿರಲಿಲ್ಲ. ಫೈಲ್ ಮುಂದೆ ಕೂತರೂ ಯೋಚನೆ ಸಿಗರೇಟಿನ ಸುತ್ತಲೇ ತಿರುಗುವುದು ಇದಕ್ಕೇ ಇರಬೇಕು.

ಮನಸ್ಸೋ ಮಿದುಳೋ ಎಂದಿರಿ. ಇನ್ಸುಲಾ ಎಂಬ ಭಾಗ ಮಿದುಳಿನ ಮಡಿಕೆಯೊಳಗೆ ಅಡಗಿದೆ. ದೇಹದ ಒಳಗಿನ ಸಂವೇದನೆಗಳನ್ನು ಗಮನಿಸುತ್ತಿರುತ್ತದೆ. ಪಾರ್ಶ್ವವಾಯುವಿನಂಥ ಪೆಟ್ಟಿನಿಂದ ಅದಕ್ಕೆ ಹಾನಿಯಾದ ಕೆಲವರು ಸಿಗರೇಟನ್ನು ಸಲೀಸಾಗಿ ಬಿಟ್ಟುಬಿಟ್ಟಿದ್ದರು, ಸೆಳೆತವೇ ಇಲ್ಲದೆ. 2007ರಲ್ಲಿ ಇದು ಪ್ರಕಟವಾದಾಗ ನಾನು ಎರಡು ಸಲ ಓದಿದೆ. ಅವರ ಮನಸ್ಸು ಒಂದೇ ರಾತ್ರಿಯಲ್ಲಿ ಗಟ್ಟಿಯಾಗಿರಲಿಲ್ಲ, ಅಲ್ವಾ? ಈ ಪ್ಯಾರಾವನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಸ್ಕ್ಯಾನ್ ಬೇಡ. ಈ ಚಿತ್ರಗಳೆಲ್ಲ ಹಲವರನ್ನು ಗುಂಪಾಗಿ ಹೋಲಿಸಿದಾಗ ಸಿಕ್ಕವು. ನಿಮ್ಮೊಬ್ಬರ ಸ್ಕ್ಯಾನ್ ಹಿಡಿದು ನೀವು ಎಷ್ಟು ಒದ್ದಾಡುತ್ತಿದ್ದೀರಿ ಎಂದು ಯಾವ ಡಾಕ್ಟರೂ ಹೇಳಲಾರರು. ಅದು ನಿಮ್ಮ ಮಗಳಿಗೆ ಚೆನ್ನಾಗಿ ಗೊತ್ತು.

ರೇಗಾಟ ಮೊದಲ ವಾರದಲ್ಲೇ ಜಾಸ್ತಿ. ಸಾಮಾನ್ಯವಾಗಿ ಮೂರು ನಾಲ್ಕು ವಾರದಲ್ಲಿ ಇಳಿಯುತ್ತದೆ. ಒಬ್ಬರೇ ಹಲ್ಲು ಕಚ್ಚಿ ಕೂರಬೇಕಿಲ್ಲ. ನಿಕೋಟಿನ್ ಪ್ಯಾಚ್ ಇದೆ, ಗಮ್ ಇದೆ. ವರೆನಿಕ್ಲಿನ್ ಎಂಬ ಮಾತ್ರೆ ಅದೇ ಕುರ್ಚಿಯಲ್ಲಿ ಕೂತು ಅರೆಬರೆ ಕೆಲಸ ಮಾಡುತ್ತದೆ, ನಿಕೋಟಿನ್‌ಗೆ ಜಾಗವನ್ನೂ ಕೊಡುವುದಿಲ್ಲ. ಯಾವುದು ಹೊಂದುತ್ತದೆ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಪ್ಯಾಚ್ ಆದರೆ ಅಂಟಿಸುವ ಜಾಗವನ್ನು ದಿನಾ ಬದಲಿಸಿ. ನಾನು ಬದಲಿಸದೆ ಒಂದು ವಾರ ತೋಳು ಕೆರೆದುಕೊಂಡೆ.